ಮಂದಾಕಿನಿ ಸ್ವಿಚ್ಚು ಒತ್ತಿದ ದಿನ

ಹೆದರಿಕೆಗೂ ಒಂದು ಹುಟ್ಟೂರು ಇರುತ್ತದೆ. ಮಂದಾಕಿನಿಯ ಹೆದರಿಕೆ ಹುಟ್ಟಿದ್ದು ಹೈದರಾಬಾದಿನ ಶಾಲಿಬಂಡಾದಲ್ಲಿ, ಒಂದು ಬಾಡಿಗೆ ಮನೆಯ ಅಡಿಗೆಮನೆ ಬಾಗಿಲಿನ ಬಲಗಡೆ. ಅಲ್ಲಿ ಗೋಡೆಯ ಮೇಲೆ, ಹಿತ್ತಾಳೆಯ ಟೊಪ್ಪಿಗೆ ಹಾಕಿಕೊಂಡ ಹಳೆಯ ಕಾಲದ ದುಂಡು ಸ್ವಿಚ್ಚು ಇತ್ತು.

ಆಗ ಅವಳಿನ್ನೂ ಒಂದನೇ ತರಗತಿಯ ಹುಡುಗಿ. ಶ್ರಾವಣದ ಮಳೆ ಹಿಡಿದಿತ್ತು, ಗೋಡೆಗಳೆಲ್ಲ ನೀರು ಕುಡಿದು ಉಬ್ಬಿದ್ದವು. ಅಜ್ಜಿ ತುಳಸಾಬಾಯಿ ಹಿತ್ತಲಲ್ಲಿ ತಲೆಯ ಮೇಲೆ ತಣ್ಣೀರು ಹೊಯ್ದುಕೊಂಡು, ಒದ್ದೆ ಸೀರೆಯಲ್ಲೇ ಒಳಗೆ ಬಂದರು. ಮಡಿ ಎಂದರೆ ಅವರದು ಕಟ್ಟುನಿಟ್ಟಿನ ಮಡಿ. ಅಡಿಗೆ ಮುಗಿದು ದೇವರ ನೈವೇದ್ಯ ಆಗುವ ತನಕ ಅವರು ಯಾರನ್ನೂ ಮುಟ್ಟುವಂತಿಲ್ಲ, ಅವರನ್ನೂ ಯಾರೂ ಮುಟ್ಟುವಂತಿಲ್ಲ. ಬೇರೆ ದಿನವಾದರೆ "ಯಾರರೆ ದೀಪಾ ಹಚ್ರೋ" ಎಂದು ಕೂಗುತ್ತಿದ್ದರು. ಅವತ್ತು ಯಾರೂ ಓಗೊಡಲಿಲ್ಲವೋ, ಅವಸರವಿತ್ತೋ, ತಾವೇ ಕೈ ಚಾಚಿದರು.

ಕೈ ಅಲ್ಲೇ ಅಂಟಿತು. ಬಾಯಿ ತೆರೆಯಿತು, ದನಿ ಬರಲಿಲ್ಲ. ಸೆರಗಿನ ತುದಿಯಿಂದ ನೀರು ಮಾತ್ರ ತೊಟ್ಟಿಕ್ಕುತ್ತಲೇ ಇತ್ತು.

ಮಂದಾಕಿನಿ ಹೊಸ್ತಿಲ ಈಚೆ ನಿಂತು ನೋಡಿದಳು. ಓಡಿಹೋಗಿ ಅಜ್ಜಿಯನ್ನು ತಬ್ಬಿ ಎಳೆಯಬೇಕೆಂದು ಎದೆ ಹೇಳಿತು. ಅಜ್ಜಿ ಮಡಿಯಲ್ಲಿದ್ದಾಳೆ, ಮುಟ್ಟಿದರೆ ಬೈತಾಳೆ ಎಂದು ಕಾಲು ಹೇಳಿತು. ಕಾಲಿನ ಮಾತೇ ನಡೆಯಿತು. ಅಷ್ಟರಲ್ಲಿ ಅಪ್ಪ ಗುರುರಾಜ ಓಡಿ ಬಂದರು. ಮಡಿಬಟ್ಟೆಯನ್ನು ಮೇಲಿನ ಗಳುವಿಗೆ ಹಾಕಲು ಇಟ್ಟ ಬಿದಿರಿನ ಕೋಲು ಮೂಲೆಯಲ್ಲಿತ್ತು. ಅದನ್ನೆತ್ತಿ ತಮ್ಮ ಅವ್ವನ ಮುಂಗೈಗೆ ಒಂದೇಟು ಹೊಡೆದರು. ಅಜ್ಜಿ ನೆಲಕ್ಕೆ ಬಿದ್ದರು, ಬದುಕಿದರು. ಬಲಗೈಯ ಎರಡು ಬೆರಳು ಮಾತ್ರ ಜೋಮು ಹಿಡಿದವು, ಮತ್ತೆ ಸರಿಹೋಗಲಿಲ್ಲ.

"ಛಲೋನೇ ಆತು ತಗೋ," ಎನ್ನುತ್ತಿದ್ದರು ಅಜ್ಜಿ ಆಮೇಲೆ, ಹೆಂಚಿನ ಮೇಲಿನ ಭಕ್ರಿ ತಿರುವುತ್ತ. "ಈ ಎರಡು ಬೆರಳಿಗೆ ಸುಡೂದೇ ಗೊತ್ತಾಗೂದಿಲ್ಲ."

ಅಜ್ಜಿ ನಕ್ಕರು, ಮನೆ ನಗಲಿಲ್ಲ. ಸ್ವಿಚ್ಚು ಬದಲಾಯಿತು, ಆದರೂ ಅವತ್ತಿನಿಂದ ಆ ಮನೆಯಲ್ಲಿ ದೀಪ ಹಚ್ಚುವುದೆಂದರೆ ಮಡಿಕೋಲಿನ ತುದಿಯಿಂದ ಹಚ್ಚುವುದು. ಬಂದ ನೆಂಟರು ನಗುತ್ತಿದ್ದರು. ಮಂದಾಕಿನಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಬೇರೆಯವರ ಮನೆಗೆ ಹೋದರೆ, ಯಾರಾದರೂ ಬಂದು ದೀಪ ಹಚ್ಚುವ ತನಕ ಕತ್ತಲಲ್ಲೇ ಕೂತಿರುತ್ತಿದ್ದಳು.

ಅಂಥ ಹುಡುಗಿಗೆ ಒಂದೇ ಒಂದು ಆಸೆ, ಶಾಲೆಯ ಟೀಚರ್ ಆಗುವುದು. ಸೀಮೆಸುಣ್ಣದ ಖಡು ಹಿಡಿದು ಕರಿಹಲಗೆಯ ಮುಂದೆ ನಿಂತರೆ ಅವಳ ಕೈ ನಡುಗುತ್ತಿರಲಿಲ್ಲ. ಓಣಿಯ ಮಕ್ಕಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಸೂರ್ಯ ಚಂದ್ರರನ್ನು ಎರಡು ನಿಂಬೆಹಣ್ಣಿನಲ್ಲಿ ತಿರುಗಿಸಿ ತೋರಿಸಿದರೆ, ಉರ್ದು ಮಕ್ಕಳು, ತೆಲುಗು ಮಕ್ಕಳು, ಮನೆಯಲ್ಲಿ ಕನ್ನಡ ಆಡುವ ಮಕ್ಕಳು ಎಲ್ಲ ಬಾಯಿ ತೆರೆದು ನೋಡುವರು. ವಿಜ್ಞಾನದ ಡಿಗ್ರಿ ಮುಗಿಸಿ ಬಿ.ಎಡ್. ಸೇರಿದಳು. ಕೂಕಟ್‌ಪಲ್ಲಿಯಲ್ಲಿ, ಕಾರ್ಖಾನೆಗಳಿಗೆ ಬಂದ ಕನ್ನಡದವರು ತಮ್ಮ ಮಕ್ಕಳಿಗೆಂದು ನಡೆಸುತ್ತಿದ್ದ ಪುಟ್ಟ ಶಾಲೆಯಲ್ಲಿ ಅವಳ ಪಾಠದ ಅಭ್ಯಾಸ. ಅಲ್ಲಿಯ ಹೆಡ್‌ಮಿಸ್ಟ್ರೆಸ್ ಯಮುನಾಬಾಯಿ ಅವಳ ಪಾಠ ಕೇಳಿ, "ಪಾಸಾಗಿ ಬಾ, ಜೂನಿಗೆ ಎಂಟನೇ ಕ್ಲಾಸು ನಿನ್ನ ಕೈಗೆ ಕೊಡ್ತೀನಿ" ಅಂದುಬಿಟ್ಟಿದ್ದರು.

ಪಾಸಾಗುವುದೇನು ದೊಡ್ಡದು ಅಂತೀರಾ? ಇರಿ. ಆ ವರ್ಷವೇ ಕಾಲೇಜಿಗೆ ಒಂದು ಪ್ರೊಜೆಕ್ಟರ್ ಬಂತು.

ಮೇಜಿನ ಮೇಲೆ ಇಡುವ ತಗಡಿನ ಪೆಟ್ಟಿಗೆ. ಮೇಲೆ ಗಾಜು, ಒಳಗೆ ಉರಿಯುವ ದೀಪ. ಪಾರದರ್ಶಕ ಹಾಳೆಯ ಮೇಲೆ ಬರೆದು ಗಾಜಿನ ಮೇಲಿಟ್ಟರೆ ಗೋಡೆಯ ತುಂಬ ದೊಡ್ಡದಾಗಿ ಕಾಣುತ್ತದೆ. ವಿಜ್ಞಾನ ಬೋಧನೆ ಕಲಿಸುವ ರಾಮದಾಸ ಸರ್ ಅದರ ಬೆನ್ನು ಸವರಿ, "ಕೇಳ್ರಿ ಎಲ್ಲಾರೂ," ಅಂದರು. "ಇನ್ನ ಮುಂದ ಮಶೀನ್ ಹಚ್ಚಲಿಕ್ಕೆ ಬರಲಾರದ ಮಾಸ್ತರಿಗೆ ಕೆಲಸಿಲ್ಲ. ಫೈನಲ್ ಪಾಠದಾಗ ಇದನ್ನ ಉಪಯೋಗ ಮಾಡ್ಲೇಬೇಕು. ಹೊರಗಿನಿಂದ ಬಂದ ಪರೀಕ್ಷಕರ ಮುಂದ, ತಾವೇ ಹಚ್ಚಬೇಕು. ಗೆಳತ್ಯಾರನ್ನ ಕರೀಲಿಕ್ಕಿಲ್ಲ. ಹಚ್ಚಲಿಲ್ಲೋ, ಫೇಲು."

ಮಂದಾಕಿನಿ ಪೆಟ್ಟಿಗೆಯನ್ನು ದೂರದಿಂದಲೇ ನೋಡಿದಳು. ತಗಡು, ದೀಪ, ವೈರು. ಅವಳ ಕಣ್ಣಿಗೆ ಅದು ಹಿತ್ತಾಳೆ ಟೊಪ್ಪಿಗೆಯ ಸ್ವಿಚ್ಚಿನ ಅಣ್ಣನಂತೆ ಕಂಡಿತು.

ಅವಳ ಜೊತೆಗಾತಿ ಪ್ರೇಮಾ, ತುಮಕೂರು ಕಡೆಯವಳು. ಅಪ್ಪನ ನೌಕರಿಗಾಗಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದವಳು, ನಾಲಿಗೆಗೆ ಲಗಾಮಿಲ್ಲ. ಅಭ್ಯಾಸದ ಪಾಠಗಳಲ್ಲೆಲ್ಲ ಹಾಳೆ ಬರೆಯುವುದು ಮಂದಾಕಿನಿ, ಸ್ವಿಚ್ಚು ಒತ್ತುವುದು ಪ್ರೇಮಾ ಎಂದು ಒಳಗೊಳಗೇ ಒಪ್ಪಂದವಾಯಿತು.

"ಅದೇನು ಹುಲಿನಾ ಕಣೇ, ಕಚ್ಚೋಕೆ?" ಅಂದಳು ಪ್ರೇಮಾ ಒಂದು ದಿನ ಬಸ್ಸಿಗೆ ಕಾಯುವಾಗ.

"ಹುಲಿ ಆದ್ರ ಗರ್ಜಿಸ್ತದ. ಇದು ಸುಮ್ಮನ ಇರ್ತದ. ಅದಕ್ಕ ಹೆದರಿಕಿ."

"ನಿನ್ನ ನೋಡೋಕೆ ಬಂದ ಗಂಡಿನವರಿಗೆ ಮೊದಲೇ ಹೇಳ್ಬೇಕಮ್ಮ. ಹುಡುಗಿ ಚೆನ್ನಾಗಿ ಹಾಡ್ತಾಳೆ, ದೀಪ ಮಾತ್ರ ನೀವೇ ಹಾಕ್ಕೋಬೇಕು ಅಂತ."

ಮಂದಾಕಿನಿ ನಕ್ಕಳು. "ಬರೇ ಕರೆಂಟಿನ ಹೆದರಿಕಿ ಅಲ್ಲ ಪ್ರೇಮಾ," ಅಂದಳು. "ಮಶೀನ್ ಹಚ್ಚಬೇಕಂದ್ರ ಕಿಡಕಿ ಎಲ್ಲಾ ಹಾಕ್ತಾರ. ಕತ್ತಲಾಗ ಹುಡುಗ್ರ ಮಾರೀನೇ ಕಾಣೂದಿಲ್ಲ. ತಿಳೀತೋ ಇಲ್ಲೋ ಅನ್ನೂದು ಮಾರಿ ಮ್ಯಾಲ ಬರ್ತದಲ್ಲ, ಅದು ನೋಡಲಾರದ ನಾ ಹೆಂಗ ಕಲಸಲಿ? ಎಲ್ಲಾರೂ ಗ್ವಾಡಿ ನೋಡ್ಕೋತ ಕೂತ್ರ, ನಾ ಯಾಕ ಬೇಕು ಅಲ್ಲಿ?"

ಪ್ರೇಮಾ ಚೀಲ ಹೆಗಲಿಗೇರಿಸಿದಳು. "ಬಸ್ ಬಂತು, ಹತ್ತು," ಅಂದಳು.

ಪರೀಕ್ಷೆ ಹತ್ತಿರ ಬಂತು. ಎಂಟನೇ ತರಗತಿಗೆ ಮುಂದಿನ ಪಾಠ ಯಾವುದು ಅಂತೀರಿ? ವಿದ್ಯುತ್ತು ಯಾವುದರೊಳಗೆ ಹರಿಯುತ್ತದೆ, ಯಾವುದರೊಳಗೆ ಹರಿಯುವುದಿಲ್ಲ. ಹೆದರುವವರ ಮೇಲೆಯೇ ಹಗ್ಗ ಹಾವಾಗಿ ಬೀಳುತ್ತದೆ. ಹಾಳೆ ಬರೆಯುವಾಗ ಅವಳು ಬೀಗದ ಕೈ, ಮರದ ಕೋಲು, ನೀರಿನ ನಲ್ಲಿ ಬರೆದಳು. ಒಂದು ಬರಿಗಾಲನ್ನೂ ಬರೆದಳು.

"ಅಜ್ಜಿ, ನಂಗ ಆಗೂದಿಲ್ಲ," ಅಂದಳು ಹಿಂದಿನ ಸಂಜೆ, ಅಡಿಗೆಮನೆಯ ಹೊಸ್ತಿಲ ಈಚೆ ಕೂತು.

"ಆಗೂದಿಲ್ಲಂದ್ರ ಬಿಡು. ಮನ್ಯಾಗ ಕೂತು ಶಾವಿಗಿ ಹೊಸಿ."

"ಚಾಷ್ಟಿ ಮಾಡಬ್ಯಾಡ ಅಜ್ಜಿ. ಕೈ ಮುಂದ ಮಾಡಿದ್ರ ನಿನ್ನ ಬಾಯಿ ಕಣ್ಣಿಗೆ ಬರ್ತದ. ಅವತ್ತಿಂದು."

ತುಳಸಾಬಾಯಿ ಬೇಳೆ ತಿರುವುವುದನ್ನು ನಿಲ್ಲಿಸಿದರು. "ಅವತ್ತ ನಾ ಹೆದರಿದ್ದಿಲ್ಲ, ನಮ್ಮವ್ವಾ. ಅದಕ್ಕೇ ಹಂಗಾತು," ಅಂದರು, ಮತ್ತೆ ಸೌಟು ಹಿಡಿದರು.

ಅಜ್ಜಿಯ ಮಾತು ಅವಳಿಗೆ ಆಗ ಅರ್ಥವಾಗಲಿಲ್ಲ.

ಪರೀಕ್ಷೆಯ ದಿನ ಮಂದಾಕಿನಿ ಶಾಲೆ ಮುಟ್ಟಿದಾಗ ಆಯಾ ಜಯಮ್ಮ ಹಣೆಯ ಬೆವರು ಒರೆಸಿಕೊಳ್ಳುತ್ತ ಕೋಣೆಯಿಂದ ಹೊರಗೆ ಬರುತ್ತಿದ್ದಳು.

"ದೊಡ್ಡ ಸಾರು ಬರ್ತಾರಂತ ಎರಡು ಸಾರಿ ತೊಳ್ದೀನಮ್ಮಾ! ಮಿಷನ್‌ಗೂ ಬೊಟ್ಟು ಇಟ್ಟೀನಿ ನೋಡು."

ಒಳಗೆ ಹೋಗಿ ನೋಡಿದರೆ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಹಬ್ಬಕ್ಕೆ ಮನೆ ತೊಳೆಯುವಂತೆ ಬಕೆಟ್ಟುಗಟ್ಟಲೆ ನೀರು ಹೊಯ್ದು ತೊಳೆದಿದ್ದಳು. ಮೇಜಿನ ಸುತ್ತ ರಂಗೋಲಿ, ಕಾಲೇಜಿನಿಂದ ತಂದಿಟ್ಟ ಪ್ರೊಜೆಕ್ಟರಿನ ಹಣೆಗೆ ಕುಂಕುಮ. ಅತಿಥಿ ಬರುವ ಮನೆಯ ನೆಲ ಒಣಗಿರಬಾರದು ಎಂದು ಜಯಮ್ಮನ ಲೆಕ್ಕ. ಮಶೀನಿರುವ ಕೋಣೆಗೆ ಚಪ್ಪಲಿ ಹಾಕಿ ಹೋಗಬಾರದು ಎಂದು ಯಮುನಾಬಾಯಿಯವರ ಅಪ್ಪಣೆ. ಮಕ್ಕಳೆಲ್ಲ ಬರಿಗಾಲಲ್ಲಿ ಬಂದು ಬೆಂಚುಗಳ ಮೇಲೆ ಕೂತರು. ಕಿಟಕಿಗಳನ್ನು ಹಾಕಿದರು. ಪರೀಕ್ಷಕ ಚನ್ನಬಸಪ್ಪನವರು ಬಂದು ಹಿಂದಿನ ಕುರ್ಚಿಯಲ್ಲಿ ಕೂತರು. ಗುಲಬರ್ಗಾ ಕಡೆಯ ಹಳೆಯ ಇನ್ಸ್‌ಪೆಕ್ಟರು, ದಪ್ಪ ಮೀಸೆ, ನಗುವ ಅಭ್ಯಾಸವಿಲ್ಲದ ಮುಖ. ಯಮುನಾಬಾಯಿ ಬಾಗಿಲಲ್ಲಿ ನಿಂತರು.

"ಶುರು ಮಾಡ್ರಿ," ಅಂದರು ಚನ್ನಬಸಪ್ಪ. "ಮಶೀನ್ ಹಚ್ರಿ."

ಮಂದಾಕಿನಿಯ ಕೈಯಲ್ಲಿ ಹಲಗೆ ತೋರಿಸುವ ಮರದ ಕೋಲಿತ್ತು. ಕಣ್ಣು ತಾನಾಗಿ ವೈರಿನ ಬೆನ್ನು ಹತ್ತಿತು. ಪೆಟ್ಟಿಗೆಯಿಂದ ಇಳಿದು, ಮೊದಲ ಸಾಲಿನ ಬೆಂಚುಗಳ ಕೆಳಗೆ ಹಾದು, ಬಾಗಿಲ ಬಳಿಯ ಗೋಡೆಯ ತನಕ ಹೋಗಿತ್ತು. ಉದ್ದ ಸಾಲದೆಂದು ಶಾಮಿಯಾನದವರಿಂದ ತಂದ ವೈರು. ನಡುವೆ ಒಂದು ಗಂಟು, ಗಂಟಿನ ಮೇಲೆ ಸುತ್ತಿದ ಕರಿ ಪಟ್ಟಿ ಸಡಿಲಾಗಿತ್ತು. ಅದು ಬಿದ್ದಿದ್ದದ್ದು ನೀರು ನಿಂತ ಒಂದು ತಗ್ಗಿನ ಅಂಚಿನಲ್ಲಿ. ಪೆಟ್ಟಿಗೆಯ ಸ್ವಿಚ್ಚು ಒತ್ತುವುದಷ್ಟೇ ಬಾಕಿ, ಗೋಡೆಯದನ್ನು ಯಾರೋ ಆಗಲೇ ಹಾಕಿಟ್ಟಿದ್ದರು. ಅದರ ಕೆಂಪು ದೀಪದ ಕಣ್ಣು ಉರಿಯುತ್ತಿತ್ತು. ಎರಡು ಜಡೆಯ ಹುಡುಗಿಯೊಬ್ಬಳು ಕಾಲಿನ ಹೆಬ್ಬೆರಳಿನಿಂದ ವೈರನ್ನು ಆಚೆ ಈಚೆ ಉರುಳಿಸಿ ಆಡುತ್ತಿದ್ದಳು. ಹೆಬ್ಬೆರಳಿಗೂ ಆ ಗಂಟಿಗೂ ನಡುವೆ ಇದ್ದದ್ದು ಒಂದು ಗೇಣು.

ಅಪಾಯ ಅಂದಿತು ಹೆದರಿಕೆ. ನಂಬಲೇ? ಎಷ್ಟು ವರ್ಷಗಳಿಂದ ಈ ಹೆದರಿಕೆ ಅವಳಿಗೆ ಸುಳ್ಳು ಹೇಳುತ್ತ ಬಂದಿತ್ತು! ಎಲ್ಲ ಸ್ವಿಚ್ಚೂ ಕೊಲ್ಲುತ್ತದೆ ಎಂದಿತ್ತು, ಯಾವುದೂ ಕೊಂದಿರಲಿಲ್ಲ. ಈಗಲೂ ಸುಳ್ಳೇ ಇರಬಹುದು. ಬಾಯಿ ತೆರೆದರೆ ಹೊರಗಿನ ಪರೀಕ್ಷಕರ ಮುಂದೆ ನಗೆಪಾಟಲು, ಫೇಲು, ಜೂನಿನ ಎಂಟನೇ ತರಗತಿ ಹೋಯಿತು. ಸುಮ್ಮನಿದ್ದರೆ... ಹುಡುಗಿಯ ಹೆಬ್ಬೆರಳು ಮತ್ತೊಮ್ಮೆ ವೈರನ್ನು ಉರುಳಿಸಿತು.

ಹೊಸ್ತಿಲ ಈಚೆ ಸುಮ್ಮನೆ ನಿಂತು ನೋಡುವುದು ಒಂದು ಸಲ ಸಾಕಾಗಿತ್ತು ಅವಳಿಗೆ.

"ಕಾಲು ಮ್ಯಾಲ!" ಎಂದು ಕಿರುಚಿದಳು. "ಎಲ್ಲಾರೂ ಕಾಲು ಬೆಂಚಿನ ಮ್ಯಾಲ ಇಡ್ರಿ! ಯಾರೂ ಕೆಳಗ ಇಳೀಬ್ಯಾಡ್ರಿ!"

ಕ್ಲಾಸು ಬೆಚ್ಚಿತು. ಕಾಲುಗಳೆಲ್ಲ ಮೇಲೆ ಹೋದವು. ಮಂದಾಕಿನಿ ನೀರು ನಿಂತ ಜಾಗವನ್ನು ಸುತ್ತಿಕೊಂಡು ಗೋಡೆಯ ಬಳಿ ಹೋಗಿ, ಮರದ ಕೋಲಿನ ತುದಿಯಿಂದ ಸ್ವಿಚ್ಚನ್ನು ಆರಿಸಿದಳು. ಕೆಂಪು ಕಣ್ಣು ಮುಚ್ಚಿತು. ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಕೋಣೆ ನಕ್ಕಿತು.

"ಏನ್ರೀ ಇದು?" ಚನ್ನಬಸಪ್ಪ ಎದ್ದು ನಿಂತರು. "ಪಾಠ ಮಾಡಾಕತ್ತೀರೋ, ಸರ್ಕಸ್ ನಡೆಸಾಕತ್ತೀರೋ?"

ಯಮುನಾಬಾಯಿಯವರ ಮುಖ ಬಿಳಿಚಿತ್ತು. "ಮಂದಾ, ಜಲ್ದಿ ಹಚ್ಚು ನಮ್ಮವ್ವ. ಟೈಮ್ ಹೊಂಟದ."

"ನೆಲ ಒಣಗೂತನಾ ಹಚ್ಚೂದಿಲ್ರಿ," ಅಂದಳು ಮಂದಾಕಿನಿ. ಕಿಟಕಿಯೊಂದನ್ನು ತಾನೇ ತೆರೆದಳು. ಬೆಳಕು ಒಳಗೆ ಬಿತ್ತು, ಮಕ್ಕಳ ಮುಖಗಳು ಕಂಡವು. ಮುಖ ಕಂಡ ಮೇಲೆ ಅವಳಿಗೆ ಮಾತು ಸಿಕ್ಕಿತು.

"ಈಗ ಹೇಳ್ರಿ. ಟೀಚರ್‌ಗೆ ತಲಿ ಕೆಟ್ಟದೋ? ಇಲ್ಲಾ ಏನರೆ ಕಾರಣ ಅದನೋ?"

"ತಲಿ ಕೆಟ್ಟದ!" ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ.

"ಇರಬಹುದು. ಇನ್ನೊಂದು ಕಾರಣ ಹೇಳ್ರಿ."

ಎರಡು ಜಡೆಯ ಹುಡುಗಿ ಕೆಳಗೆ ಬಗ್ಗಿ ನೋಡಿ ಮೆಲ್ಲಗೆ, "ನೀರ್ ಅದ ಟೀಚರ್," ಅಂದಳು. "ನೀರಾಗ ವೈರ್ ಅದ. ನಮ್ಮ ಕಾಲಾಗ ಚಪ್ಪಲ್ ಇಲ್ಲ."

ಅಲ್ಲಿಂದ ಪಾಠ ಶುರುವಾಯಿತು. ಮಂದಾಕಿನಿ ಅಜ್ಜಿಯ ಕತೆ ಹೇಳಿದಳು. ಒದ್ದೆ ಸೀರೆ, ತೇವದ ಗೋಡೆ, ಹಿತ್ತಾಳೆ, ಅಂಟಿದ ಕೈ. ನಗುತ್ತಿದ್ದವರು ಬೆಂಚಿನ ಮೇಲೆ ಮೊಣಕಾಲು ಇನ್ನಷ್ಟು ಮೇಲಕ್ಕೆ ಎಳೆದುಕೊಂಡರು. ಅಪ್ಪ ಕೈ ಹಿಡಿದು ಎಳೆಯದೆ ಕೋಲಿನಿಂದ ಯಾಕೆ ಹೊಡೆದರು ಎಂದು ಕೇಳಿದಳು. ಟಾರ್ಚಿನ ಸೆಲ್ಲು, ಪುಟ್ಟ ಬಲ್ಬು ತಂದಿದ್ದಳು. ನಡುವೆ ಬೀಗದ ಕೈ ಇಟ್ಟರೆ ಬಲ್ಬು ಹತ್ತಿತು, ಕೋಲಿಟ್ಟರೆ ಹತ್ತಲಿಲ್ಲ, ಖಡು ಇಟ್ಟರೂ ಹತ್ತಲಿಲ್ಲ. "ತಲಿ ಕೆಟ್ಟದ" ಎಂದವನು ತನ್ನ ಉಡಿದಾರದ ಬೆಳ್ಳಿ ತಾಯತ ಬಿಚ್ಚಿಕೊಟ್ಟು, ಅದನ್ನೂ ಇಟ್ಟು ನೋಡಿ ಎಂದು ಹಟ ಹಿಡಿದ. ಗಂಟೆ ಹೊಡೆದಾಗಲೂ ಕಾಲುಗಳು ಬೆಂಚಿನ ಮೇಲೆಯೇ ಇದ್ದವು.

ಮಕ್ಕಳನ್ನು ಹಿಂದಿನ ಬಾಗಿಲಿನಿಂದ ಕಳಿಸಿದ ಮೇಲೆ ಚನ್ನಬಸಪ್ಪ ಪ್ಲಗ್ಗು ಕಿತ್ತಿಸಿ, ಬಗ್ಗಿ, ಆ ಗಂಟಿನ ಪಟ್ಟಿಯನ್ನು ಎಳೆದರು. ಅದು ಹಸಿ ಸಿಪ್ಪೆಯಂತೆ ಬಿಟ್ಟು ಬಂತು. ಒಳಗೆ ತಾಮ್ರದ ಎಳೆಗಳು ನೀರು ಕುಡಿದು ಹೊಳೆಯುತ್ತಿದ್ದವು. ಬಾಗಿಲಲ್ಲಿ ಜಯಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

"ಪಾಠ ಭಾಳ ಛಲೋ ಆತು," ಅಂದರು ಚನ್ನಬಸಪ್ಪ. "ಆದ್ರ ಮಶೀನ್ ಹಚ್ಚಲಿಲ್ಲ. ಅದರ ಮಾರ್ಕ್ಸ್ ನಾ ಹೆಂಗ ಕೊಡ್ಲಿ? ನೆಲ ಒಣಗಲಿ, ಬ್ಯಾರೆ ವೈರ್ ತರಿಸ್ತಾರ. ಮಧ್ಯಾಹ್ನ ಹಚ್ಚಿ ತೋರಸ್ರಿ. ಕೋಲಿಲೆ ಅಲ್ಲ. ಕೈಲೆ."

ಬೆಳಗಿನ ಹೆದರಿಕೆಗೆ ಒಂದು ಕಾರಣವಿತ್ತು, ಹಿಡಿದುಕೊಳ್ಳಲು ಕೋಲಿತ್ತು. ಮಧ್ಯಾಹ್ನ ಎರಡೂ ಇರಲಿಲ್ಲ. ಆಫೀಸಿನಿಂದ ಹೊಸ ವೈರು ಬಂತು, ಗೋಡೆಯ ಅಂಚಿನಿಂದ ಹಾಯಿಸಿದರು. ನೆಲ ಒಣಗಿ ಬೂದಿಬಣ್ಣಕ್ಕೆ ಬಂದಿತ್ತು. ಮಂದಾಕಿನಿ ಮಂಡಿಯೂರಿ ಉದ್ದಕ್ಕೂ ನೋಡಿದಳು, ಎರಡನೆಯ ಸಲವೂ ನೋಡಿದಳು. ಎಲ್ಲಿಯೂ ತಪ್ಪು ಸಿಗಲಿಲ್ಲ. ಸಿಕ್ಕಿದ್ದರೆ ಚೆನ್ನಾಗಿತ್ತು ಎಂದು ಒಂದು ಕ್ಷಣ ಅನ್ನಿಸಿದ್ದೂ ನಿಜ. ಮಕ್ಕಳಿಗೆ ಚಪ್ಪಲಿ ಹಾಕಿಕೊಂಡೇ ಬರಲು ಹೇಳಿದಳು. ಯಮುನಾಬಾಯಿ ತಮ್ಮ ಅಪ್ಪಣೆಯನ್ನು ತಾವೇ ಹಿಂದಕ್ಕೆ ತೆಗೆದುಕೊಂಡರು.

ತನ್ನ ಪಾಠ ಮುಗಿಸಿ ಬಂದ ಪ್ರೇಮಾ ಬಾಗಿಲಲ್ಲಿ ನಿಂತಿದ್ದಳು. ಗೆಳತಿಯ ಮುಖ ನೋಡಿ ಒಂದು ಹೆಜ್ಜೆ ಮುಂದಿಟ್ಟಳು. ಮಂದಾಕಿನಿ ತಲೆಯಾಡಿಸಿದಳು, ಬೇಡ.

ಕೈ ಸೆರಗಿಗೆ ಒರೆಸಿಕೊಂಡಳು. ಒಣಗಿದ ಕೈಯನ್ನೇ ಮತ್ತೆ ಒರೆಸಿಕೊಂಡಳು. ಪೆಟ್ಟಿಗೆಯ ಸ್ವಿಚ್ಚಿಗೆ ಚಾಚಿದಳು. ಅಜ್ಜಿಯ ತೆರೆದ ಬಾಯಿ ಕಣ್ಣಿಗೆ ಬಂತು. ಬರಲಿ ಎಂದು ಬಿಟ್ಟಳು. ಅದು ಹೋಗಲಿ ಎಂದು ಕಾಯುತ್ತ ಕೂತರೆ ಈ ಜನ್ಮದಲ್ಲಿ ಆಗುವ ಕೆಲಸವಲ್ಲ ಎಂದು ಅವಳಿಗೆ ಅಷ್ಟು ಹೊತ್ತಿಗೆ ತಿಳಿದುಹೋಗಿತ್ತು. ಒತ್ತಿದಳು.

ಪೆಟ್ಟಿಗೆ ಗುಂಯ್ ಎಂದಿತು. ಗೋಡೆಯ ತುಂಬ ಬೆಳಕು. ಬೆಳಕಿನಲ್ಲಿ ಆಳೆತ್ತರದ ಬೀಗದ ಕೈ, ಕೋಲು, ನಲ್ಲಿ, ಬರಿಗಾಲು.

"ಟೀಚರ್, ಉಲ್ಟಾ ಐತ್ರಿ!" ಇಡೀ ಕ್ಲಾಸು ಕೂಗಿತು. ಕಾಲು ಮುಗಿಲಿಗೆ ಮುಖ ಮಾಡಿತ್ತು, ನಲ್ಲಿಯ ನೀರು ಮೇಲಕ್ಕೆ ಬೀಳುತ್ತಿತ್ತು. ಮಂದಾಕಿನಿ ಹಾಳೆ ತಿರುಗಿಸಿದಳು, ತಾನೂ ನಕ್ಕಳು. ಒಂದು ಕಿಟಕಿಯನ್ನು ತೆರೆದೇ ಇಟ್ಟಿದ್ದಳು. ಗೋಡೆಯ ಮೇಲಿನ ಚಿತ್ರ ಅದರಿಂದ ಕೊಂಚ ಮಸುಕಾಯಿತು, ಆದರೆ ಮುಖಗಳೆಲ್ಲ ಕಾಣುತ್ತಿದ್ದವು.

"ಕಿಡಕಿ ಹಾಕಿದ್ರ ಇನ್ನೂ ಸಾಫ್ ಕಾಣ್ತಿತ್ತಲ್ರೀ," ಅಂದರು ಚನ್ನಬಸಪ್ಪ.

"ಚಿತ್ರ ಸಾಫ್ ಕಾಣ್ತದ್ರಿ ಸರ್. ಹುಡುಗ್ರು ಕಾಣೂದಿಲ್ಲ."

ಅವರು ಮೀಸೆಯನ್ನು ಒಮ್ಮೆ ಸವರಿಕೊಂಡು ಪೆನ್ನಿನ ಮುಚ್ಚಳ ತೆಗೆದರು.

ಜೂನಿನಲ್ಲಿ ಎಂಟನೇ ತರಗತಿ ಅವಳ ಕೈಗೆ ಬಂತು. ಆಮೇಲೆ ಆ ಶಾಲೆಗೆ ಟೀವಿ ಬಂತು, ಕಂಪ್ಯೂಟರ್ ಬಂದವು. ಪ್ರತಿಯೊಂದು ಬಂದಾಗಲೂ ಮಂದಾಕಿನಿ ಟೀಚರ್ ಮೊದಲು ಹೆದರಿದರು, ಆಮೇಲೆ ತಂದವರನ್ನು ಕೇಳಿದರು: "ಇದು ನಡಿಯೂ ಮುಂದ ಮಕ್ಕಳ ಕಾಲು ಎಲ್ಲಿರ್ತಾವ್ರಿ? ನಾ ನಿಂತಲ್ಲಿಂದ ಅವರ ಮಾರಿ ಕಾಣ್ತಾವೇನ್ರಿ?" ಕಂಪ್ಯೂಟರ್ ತಂದ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಮಾರುವ ಮಾತು, ಹಣದ ಮಾತು ಬಲ್ಲವರು, ಕಾಲಿನ ಮಾತು ಕೇಳಿದ್ದು ಅದೇ ಮೊದಲು.

ಆದರೆ ಪರೀಕ್ಷೆಯ ಆ ಸಂಜೆಯದೊಂದು ಹೇಳುವುದು ಉಳಿದಿದೆ.

ಮನೆಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಅಜ್ಜಿ ಸಂಜೆಯ ಅಡಿಗೆಗೆ ಮಡಿಯುಟ್ಟು ಒಲೆಯ ಮುಂದಿದ್ದರು. ಮಂದಾಕಿನಿ ಎಂದಿನಂತೆ ಹೊಸ್ತಿಲ ಈಚೆ ನಿಂತಳು.

"ಕೋಲು ಒಯ್ದಿದ್ದೇನ?" ಕೇಳಿದರು ಅಜ್ಜಿ, ತಿರುಗಿ ನೋಡದೆ.

"ಮುಂಜಾನೆ ಕೋಲಿಲೆ ಆರಿಸಿದೆ. ಮಧ್ಯಾಹ್ನ ಕೈಲೆ ಹಚ್ಚಿದೆ."

ತುಳಸಾಬಾಯಿ ಎದ್ದು ಬಂದರು. ಹೊಸ್ತಿಲ ಆಚೆಯಿಂದ ಕೈ ಚಾಚಿ ಮೊಮ್ಮಗಳ ಬಲಗೈ ಹಿಡಿದುಕೊಂಡರು. ಮಂದಾಕಿನಿ ಬೆಚ್ಚಿದಳು. "ಅಜ್ಜಿ, ಮಡಿ!" ಅಂದಳು. ಅಜ್ಜಿ ಕೇಳಿಸಿಕೊಳ್ಳಲಿಲ್ಲ. ಜೋಮು ಹಿಡಿದ ಆ ಎರಡು ಬೆರಳಿಂದ ಅವಳ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು, ತಮಗೇನೂ ಗೊತ್ತಾಗುವುದಿಲ್ಲ ಎಂದು ಗೊತ್ತಿದ್ದೂ.

"ಇನ್ನೊಮ್ಮೆ ನೀರು ಹೊಯ್ಕೋಬೇಕಾತು ನೋಡು ನಿನ್ನಿಂದ," ಎಂದು ಬೈಯುತ್ತ ಹಿತ್ತಲಿಗೆ ಹೊರಟರು. ಬಾಗಿಲಲ್ಲಿ ನಿಂತು, "ಕತ್ತಲಾತು. ನಾ ಒದ್ದಿ ಸೀರಿಲೆ ಬರೂದ್ರಾಗ ದೀಪಾ ಹಚ್ಚಿಡು," ಅಂದರು.

ಮಂದಾಕಿನಿ ಮೂಲೆಯ ಕೋಲನ್ನು ನೋಡಿದಳು. ಗೋಡೆಯನ್ನು ಮುಟ್ಟಿ ನೋಡಿದಳು, ಒಣಗಿತ್ತು. ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಹಿತ್ತಲಲ್ಲಿ ನೀರು ಹೊಯ್ದುಕೊಳ್ಳುವ ಸದ್ದು ನಿಲ್ಲುವ ಮೊದಲೇ, ಬೆರಳಿನಿಂದ, ದೀಪ ಹಚ್ಚಿದಳು.